ಲೇತು ನೋಡುವ ಶಾಸ್ತ್ರ

ಅಂಗಡಿಗೆ ಹೋಗಿ ಒಂದು ವಸ್ತುವನ್ನು ಕೊಂಡು ತರುವುದು ನನಗೆ ಬರುವುದಿಲ್ಲ. ಅರವತ್ತು ದಾಟಿದ ಮೇಲೆ ಇದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ಮುಚ್ಚಿಟ್ಟೂ ಪ್ರಯೋಜನವಿಲ್ಲ, ಏಕೆಂದರೆ ಚಂದ್ರಾ ಲೇಔಟಿನ ನಮ್ಮ ರಸ್ತೆಗೆ ಗಾಡಿ ತಳ್ಳಿಕೊಂಡು ಬರುವ ತರಕಾರಿಯವನಿಗೇ ಇದು ಗೊತ್ತು. ನಾನು ಗೇಟು ತೆಗೆದದ್ದು ಕಂಡರೆ ಸಾಕು, ಅವನು ಬದನೆಕಾಯಿಯ ಮೇಲೆ ಗೋಣಿಚೀಲ ಎಳೆದುಬಿಟ್ಟು, ಅಮ್ಮಾವ್ರು ಇಲ್ವಾ ಸಾರ್ ಎಂದು ಕೇಳುತ್ತಾನೆ. ಹಿಂದೊಮ್ಮೆ ಕಾಲು ಕೆಜಿ ಬೆಂಡೆಕಾಯಿಗಾಗಿ ನಾನು ಅವನ ಇಡೀ ಗಾಡಿಯನ್ನು ಎರಡು ರಾಶಿ ಮಾಡಿದ್ದೆ, ಆಗಬಹುದಾದದ್ದು ಒಂದು ಕಡೆ, ಆಗದ್ದು ಒಂದು ಕಡೆ. ಕೊನೆಗೆ ಆಗಬಹುದಾದ ರಾಶಿಯಲ್ಲಿ ಐದೇ ಐದು ಬೆಂಡೆಕಾಯಿ ಉಳಿದವು. ಹಿಂದಿನಿಂದ ಬಂದ ಪಕ್ಕದ ಮನೆಯವರು ಆ ಐದನ್ನೂ ಸೇರಿಸಿಕೊಂಡು ಅರ್ಧ ಕೆಜಿ ತೂಗಿಸಿಕೊಂಡು ಹೋದರು. ನಾನು ಬರಿಗೈಯಲ್ಲಿ ಒಳಗೆ ಬಂದೆ.

ಇದು ಹುಟ್ಟುಗುಣವಲ್ಲ, ಕಸುಬಿನಿಂದ ಅಂಟಿಕೊಂಡ ರೋಗ. ರಾಜಾಜಿನಗರದ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ನಾನು ಮೂವತ್ತೊಂದು ವರ್ಷ ಇನ್‌ಸ್ಪೆಕ್ಟರ್ ಆಗಿದ್ದೆ. ಇನ್‌ಸ್ಪೆಕ್ಟರ್ ಎಂದ ಕೂಡಲೇ ನಮ್ಮ ನೆಂಟರು ಲಾಠಿ, ಟೋಪಿ ಅಂದುಕೊಂಡು ಮೊದಮೊದಲು ಬಹಳ ಮರ್ಯಾದೆ ಕೊಟ್ಟರು. ಅಸಲಿಗೆ ನನ್ನ ಕೆಲಸ ಅಳೆಯುವುದು. ಕಬ್ಬಿಣವನ್ನು ತಿರುಗಿಸಿ ಹೆರೆಯುವ ಲೇತಿನ ಮೇಲೆ ಟರ್ನರುಗಳು ತಿರುಗಿಸಿ ಕಳಿಸಿದ ಪಂಪಿನ ಶಾಫ್ಟುಗಳು ನನ್ನ ಮೇಜಿಗೆ ಬರುತ್ತಿದ್ದವು. ನಾನು ಮೈಕ್ರೋಮೀಟರು ಹಿಡಿದು ಅಳೆದು, ಕೂದಲೆಳೆಯಷ್ಟು ಹೆಚ್ಚು ಕಡಿಮೆ ಇದ್ದರೂ ಬೇಡ ಎಂದು ಪಕ್ಕಕ್ಕೆ ಇಡುತ್ತಿದ್ದೆ. ಟರ್ನರುಗಳು ಬಂದು ಗೋಗರೆಯುತ್ತಿದ್ದರು, ಇನ್ನೊಂದ್ಸಲ ನೋಡಿ ಸಾರ್ ಎನ್ನುತ್ತಿದ್ದರು. ನಾನು ಇನ್ನೊಂದು ಸಲ ನೋಡುತ್ತಿದ್ದೆ. ನೋಡಿ, ಮತ್ತೆ ಬೇಡ ಎನ್ನುತ್ತಿದ್ದೆ. ಇದರಲ್ಲಿ ನನಗೆ ಒಂದು ಬಗೆಯ ಸುಖವಿತ್ತು ಎಂದು ಈಗ ಹೇಳಿದರೆ ಯಾರೂ ಹೊಡೆಯಲು ಬರುವುದಿಲ್ಲವಾದ್ದರಿಂದ ಹೇಳುತ್ತಿದ್ದೇನೆ.

ನಾನು ನಿವೃತ್ತನಾದ ದಿನ ಕ್ಯಾಂಟೀನಿನಲ್ಲಿ ಸಮಾರಂಭ ಮಾಡಿದರು. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ಎಲ್ಲ ಆಯಿತು. ಮ್ಯಾನೇಜರು ಎದ್ದು ನಿಂತು, ಇವರು ತಮ್ಮ ಇಡೀ ಸರ್ವೀಸಿನಲ್ಲಿ ಒಂದೇ ಒಂದು ತಪ್ಪು ಪೀಸನ್ನು ಹೊರಗೆ ಬಿಟ್ಟವರಲ್ಲ ಎಂದು ಹೊಗಳಿದರು. ಚಪ್ಪಾಳೆ ಬಿತ್ತು. ಚಪ್ಪಾಳೆ ಮುಗಿಯುತ್ತಿದ್ದ ಹಾಗೆ ಹಿಂದಿನ ಬೆಂಚಿನಿಂದ ಯಾರೋ, "ಒಂದೇ ಒಂದು ಪೀಸು ಮಾಡ್ದೋರೂ ಅಲ್ಲ ಬಿಡಿ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಪೇಟ ಜಾರುವಷ್ಟು ನಕ್ಕೆ. ಆದರೆ ಮನೆಗೆ ಬಂದು ಊಟಕ್ಕೆ ಕೂತರೆ ಅನ್ನ ಇಳಿಯಲಿಲ್ಲ. ಅವರು ಹೇಳಿದ್ದು ನೂರಕ್ಕೆ ನೂರು ನಿಜವಾಗಿತ್ತು. ಮೂವತ್ತೊಂದು ವರ್ಷ ಲೇತುಗಳ ಸದ್ದಿನ ನಡುವೆಯೇ ಕೂತಿದ್ದ ನಾನು ಒಂದು ದಿನವೂ ಲೇತಿನ ಹಿಡಿ ಮುಟ್ಟಿದವನಲ್ಲ. ಸಾಯುವುದರೊಳಗೆ ನನ್ನ ಕೈಯಾರೆ ಒಂದು ಪೀಸನ್ನಾದರೂ ತಿರುಗಿಸಬೇಕು, ಅದನ್ನು ನಾನೇ ಅಳೆದು ನಾನೇ ಸರಿ ಎನ್ನಬೇಕು ಎಂಬ ಹಟ ಹುಟ್ಟಿತು. ಅದಕ್ಕೆ ಮನೆಯಲ್ಲಿ ಒಂದು ಲೇತು ಬೇಕಾಯಿತು.

ನನ್ನ ಹೆಂಡತಿ ಸರೋಜ ಇದನ್ನು ಕೇಳಿ ಬೈಯುತ್ತಾಳೆ ಎಂದು ನಾನು ಉತ್ತರಗಳನ್ನೆಲ್ಲ ಸಿದ್ಧಮಾಡಿಕೊಂಡಿದ್ದೆ. ಅವಳು ಬೈಯಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಸಾರಿಗೆ ಉಪ್ಪು ಎಷ್ಟು, ಕಿಟಕಿ ಗಾಜಿನ ಮೇಲೆ ಎಷ್ಟು ಧೂಳು ಎಂದು ಹಿಂದೆ ಮುಂದೆ ತಿರುಗುವ ಗಂಡನಿಗೆ ಒಂದು ಕಬ್ಬಿಣದ ಕೆಲಸ ಸಿಕ್ಕಿದರೆ ತನಗೆ ಮೋಕ್ಷ ಎಂದು ಅವಳಿಗೆ ಅನ್ನಿಸಿರಬೇಕು. ಹಿತ್ತಲಲ್ಲಿ ತಗಡಿನ ಶೀಟು ಹಾಕಿದ ಜಾಗವನ್ನು ಎರಡೇ ದಿನದಲ್ಲಿ ಖಾಲಿ ಮಾಡಿಕೊಟ್ಟಳು. ತಾಮ್ರದ ಹಂಡೆ ಅಟ್ಟ ಸೇರಿತು. ತವರಿನಿಂದ ತಂದಿದ್ದ ಒರಳುಕಲ್ಲನ್ನು ಕೆಂಗೇರಿ ಉಪನಗರದ ತಮ್ಮನ ಮನೆಗೆ ಟೆಂಪೋದಲ್ಲಿ ಸಾಗಿಸಿದಳು. ಅದನ್ನು ಏರಿಸುವಾಗ ಅವಳ ಕಣ್ಣಲ್ಲಿ ನೀರಿತ್ತು. ಮುಂದಿನ ವಾರ ಲೇತು ಬರುತ್ತೆ ಕಣೇ ಎಂದು ನಾನು ಸಮಾಧಾನ ಹೇಳಿದೆ. ಆ ಮುಂದಿನ ವಾರಕ್ಕೆ ಈಗ ಒಂದು ವರ್ಷ ನಾಲ್ಕು ತಿಂಗಳಾಯಿತು.

ಲೇತು ಎಂದರೆ ಏನು ಮಹಾ, ಸರಳನ್ನು ಹಿಡಿದು ತಿರುಗಿಸುವ ಚಕ್ಕು, ಹೆರೆಯುವ ಟೂಲು, ಅದು ಓಡಾಡುವ ಬೆಡ್ಡು, ಇಷ್ಟೇ ತಾನೇ ಅಂದುಕೊಂಡು ಹೊರಟವನು ನಾನು. ಮೊದಲು ಹೋದದ್ದು ಡಾಕ್ಟರ್ ರಾಜ್‌ಕುಮಾರ್ ರಸ್ತೆಯ ಕಡೆಯ ಒಂದು ಹೊಸ ಮಳಿಗೆಗೆ. ಅಲ್ಲಿ ಮೇಜಿನ ಮೇಲಿಡುವ ಪುಟ್ಟ ಲೇತುಗಳಿದ್ದವು, ಮುದ್ದಾಗಿ, ಕೆಂಪು ಬಣ್ಣ ಬಳಿದುಕೊಂಡು. ಮಾರುವ ಹುಡುಗಿ ಬಹಳ ವಿನಯದಿಂದ ವಿವರಿಸಿದಳು. ನಾನೂ ವಿನಯದಿಂದಲೇ ಚೀಲದಿಂದ ನನ್ನ ಡಯಲ್ ಗೇಜು ತೆಗೆದೆ. ತಿರುಗುವ ವಸ್ತು ಎಷ್ಟು ಓಲಾಡುತ್ತದೆ ಎಂದು ಮುಳ್ಳಿನಿಂದ ತೋರಿಸುವ ಗಡಿಯಾರದಂಥ ಉಪಕರಣ ಅದು. ಕೆಲವರು ಮನೆಯಿಂದ ಹೊರಡುವಾಗ ಕೊಡೆ ಹಿಡಿಯುವಂತೆ ನಾನು ಅದನ್ನು ಹಿಡಿಯುತ್ತೇನೆ. ಚಕ್ಕಿಗೆ ತಾಗಿಸಿ ತಿರುಗಿಸಿದರೆ ಮುಳ್ಳು ಜಾತ್ರೆಯಲ್ಲಿ ಕಳೆದುಹೋದ ಮಗುವಿನ ಹಾಗೆ ಅತ್ತ ಇತ್ತ ಓಡಿತು. ಒಳಗೆ ನೋಡಿದರೆ ಗೇರುಗಳು ಪ್ಲಾಸ್ಟಿಕ್ಕಿನವು. ಬೇಡ ಅಂದೆ. ಆ ಹುಡುಗಿ, ಹಾಬಿಗೆ ಸಾಕಾಗುತ್ತೆ ಅಂಕಲ್ ಅಂದಳು. ಹಾಬಿ ಎಂಬ ಮಾತು ನನ್ನ ಹಟಕ್ಕೆ ಎಷ್ಟು ಕಡಿಮೆ ಅಳತೆಯದು ಎಂದು ಅವಳಿಗೆ ಹೇಗೆ ಹೇಳುವುದು.

ಆಮೇಲೆ ಕಾಮಾಕ್ಷಿಪಾಳ್ಯದ ಹಳೇ ಮೆಷಿನ್ ಮಾರುವವರ ಬಳಿಗೆ ಹೋದೆ. ಅಲ್ಲಿ ಲೇತನ್ನು ಅಡಿಯ ಲೆಕ್ಕದಲ್ಲಿ ಹೇಳುತ್ತಾರೆ, ನಾಲ್ಕೂವರೆ ಅಡಿ, ಆರಡಿ ಎಂದು. ಪ್ರತಿಯೊಂದಕ್ಕೂ ನಿನ್ನೆ ಮೊನ್ನೆ ಬಳಿದ ಹಸಿರು ಬಣ್ಣ. ಬಣ್ಣ ಹಸಿಯಿದ್ದಷ್ಟೂ ಒಳಗಿನ ಸವೆತ ಹೆಚ್ಚು ಎಂಬುದು ನನಗೆ ಗೊತ್ತು. ನಾನು ಮೊಣಕಾಲೂರಿ, ಬೆಡ್ಡಿನ ಮೇಲೆ ಬೆರಳಾಡಿಸಿ, ಟಾರ್ಚು ಬಿಟ್ಟು, ಇಪ್ಪತ್ತಮೂರು ಅಂಶಗಳ ಒಂದು ಪಟ್ಟಿಯನ್ನು ತುಂಬಿಸುತ್ತಿದ್ದೆ. ಯಾವ ಲೇತೂ ಹದಿನಾಲ್ಕು ದಾಟಲಿಲ್ಲ. ಮೂರನೇ ಭೇಟಿಯ ಹೊತ್ತಿಗೆ ಅಂಗಡಿಯವರು ನನಗೆ ಕುರ್ಚಿ ಹಾಕುವುದನ್ನು ನಿಲ್ಲಿಸಿದರು. ಐದನೇ ಭೇಟಿಯಲ್ಲಿ ಅವರ ಪೈಕಿ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ಸ್ವಾಮಿ, ನಿಮಗೆ ಲೇತು ಬೇಕೋ ಇಲ್ಲ ಅದರ ಜಾತಕ ಬೇಕೋ ಎಂದು ಮೆಲ್ಲಗೆ ವಿಚಾರಿಸಿದರು.

ಜಾತಕ ಎಂದಾಗ ನೆನಪಾಯಿತು. ನನಗೆ ಹೆಣ್ಣು ನೋಡುವಾಗಲೂ ಹೀಗೇ ಆಗಿತ್ತು. ಹನ್ನೊಂದು ಮನೆಯ ಉಪ್ಪಿಟ್ಟು, ಕೇಸರಿಬಾತು ತಿಂದು ಹನ್ನೊಂದಕ್ಕೂ ನಾನು ಏನೋ ಒಂದು ಕೊಂಕು ತೆಗೆದಿದ್ದೆ. ಹನ್ನೆರಡನೆಯ ಮನೆಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ನಮ್ಮಮ್ಮ ತಾಂಬೂಲ ತೆಗೆದುಕೊಂಡುಬಿಟ್ಟರು. ಆ ತಾಂಬೂಲದ ಪುಣ್ಯದಿಂದ ನನಗೆ ಸಂಸಾರವಾಯಿತು. ಅಮ್ಮ ಈಗಿಲ್ಲ. ಲೇತಿಗೆ ತಾಂಬೂಲ ತೆಗೆದುಕೊಳ್ಳುವವರು ಯಾರು?

ನಿಜವಾಗಿ ನಾನು ಕುಸಿದು ಹೋದದ್ದು ಕೈಗಾರಿಕಾ ಪ್ರದೇಶದಲ್ಲೇ ಮುಚ್ಚುತ್ತಿದ್ದ ಒಂದು ವರ್ಕ್‌ಶಾಪಿನಲ್ಲಿ. ಅಲ್ಲಿದ್ದ ಲೇತು ಒಳ್ಳೆಯದಿತ್ತು. ಪಟ್ಟಿಯಲ್ಲಿ ಹತ್ತೊಂಬತ್ತಕ್ಕೆ ಸರಿ ಬಿದ್ದಿತ್ತು. ಇಪ್ಪತ್ತನೆಯದನ್ನು ಬರೆಯುತ್ತಿದ್ದೆ. ಅಷ್ಟರಲ್ಲಿ ಲುಂಗಿ ಉಟ್ಟ ಒಬ್ಬ ಮನುಷ್ಯ ಬಂದರು, ಸ್ವಿಚ್ಚು ಹಾಕಿದರು, ಕಣ್ಣು ಮುಚ್ಚಿಕೊಂಡು ಅರ್ಧ ನಿಮಿಷ ಅದರ ಸದ್ದು ಕೇಳಿದರು, ಸ್ವಿಚ್ಚು ತೆಗೆದರು, ನಾಳೆ ಲಾರಿ ತರ್ತೀನಿ ಅಂದರು. ಅಷ್ಟೇ. ನಾನು ಪೆನ್ನು ಹಿಡಿದುಕೊಂಡು ನಿಂತೇ ಇದ್ದೆ. ಬಸ್ಸಿನಲ್ಲಿ ಮನೆಗೆ ಬರುವಾಗ ಕಣ್ಣು ಮುಚ್ಚಿ ಆ ಬಸ್ಸಿನ ಇಂಜಿನ್ನಿನ ಸದ್ದು ಕೇಳಿ ನೋಡಿದೆ. ನನಗೆ ಏನೂ ಗೊತ್ತಾಗಲಿಲ್ಲ. ವಿಜಯನಗರದಲ್ಲಿ ಇಳಿಯಬೇಕಾದ ಸ್ಟಾಪು ಮಾತ್ರ ತಪ್ಪಿಹೋಯಿತು.

ಆ ವಾರವೆಲ್ಲ ನಾನು ಹಿತ್ತಲಿನ ಖಾಲಿ ಶೀಟಿನ ಕೆಳಗೆ ಹೋಗಿ ಸುಮ್ಮನೆ ನಿಲ್ಲುತ್ತಿದ್ದೆ. ಸರೋಜಳಿಗೇ ಕನಿಕರ ಬಂದು ಪುಟ್ಟಸ್ವಾಮಿಯವರನ್ನು ಕೇಳಿ ನೋಡಿ ಎಂದಳು. ಪುಟ್ಟಸ್ವಾಮಿ ನಮ್ಮ ಕಾರ್ಖಾನೆಯ ಟರ್ನರು. ನನಗಿಂತ ಆರು ವರ್ಷ ಮೊದಲೇ ಕೆಲಸ ಬಿಟ್ಟು, ಕಾಮಾಕ್ಷಿಪಾಳ್ಯದಲ್ಲಿ ಸ್ವಂತ ಶೆಡ್ಡು ಹಾಕಿಕೊಂಡಿದ್ದವರು. ಈಗ ಮೊಣಕಾಲು ನೋವಿನಿಂದ ನಿಲ್ಲಲಾಗದೆ ಶೆಡ್ಡು ಮುಚ್ಚುತ್ತಿದ್ದಾರೆ, ನಾಲ್ಕೂವರೆ ಅಡಿಯ ಲೇತು ಕೊಡುತ್ತಾರೆ ಎಂದು ಅವಳಿಗೆ ಅವರ ಹೆಂಡತಿಯಿಂದ ದೇವಸ್ಥಾನದಲ್ಲಿ ಸುದ್ದಿ ಸಿಕ್ಕಿತ್ತು. ನನಗೂ ತಿಳಿದಿತ್ತು. ಹೋಗಲು ಮುಖವಿರಲಿಲ್ಲ. ನನ್ನ ಸರ್ವೀಸಿನಲ್ಲಿ ಅತಿ ಹೆಚ್ಚು ಬೇಡ ಅನ್ನಿಸಿಕೊಂಡ ಪೀಸುಗಳು ಅವರವೇ. ಅವರ ಕೈ ಕೆಟ್ಟದ್ದೆಂದಲ್ಲ. ಅವರ ಕೈ ಎಷ್ಟು ಚೆನ್ನಾಗಿತ್ತೆಂದರೆ, ಅವರಲ್ಲಿ ತಪ್ಪು ಹುಡುಕುವುದು ನನಗೊಂದು ಪಂದ್ಯದಂತಿತ್ತು.

ಆದರೂ ಹೋದೆ. ಪುಟ್ಟಸ್ವಾಮಿ ಹಳೆಯದನ್ನೇನೂ ಎತ್ತಲಿಲ್ಲ. ಬನ್ನಿ ಸಾರ್ ಎಂದು ಸ್ಟೂಲು ಒರೆಸಿ ಕೊಟ್ಟು, ನೋಡಿ ನಿಧಾನಕ್ಕೆ ಎಂದು ಬಾಗಿಲ ಬಳಿ ಕೂತರು. ಆ ಲೇತಿಗೆ ಹೊಸ ಬಣ್ಣವಿರಲಿಲ್ಲ. ಕೈ ಇಡುವ ಕಡೆಯಲ್ಲೆಲ್ಲ ಕಬ್ಬಿಣ ನುಣ್ಣಗೆ ಹೊಳೆಯುತ್ತಿತ್ತು, ಚಕ್ಕಿನ ಮೇಲುಗಡೆ ಆಯುಧಪೂಜೆಯ ಕುಂಕುಮ ಹಾಗೇ ಇತ್ತು. ಒಂದು ಗಂಟೆ ಅಳೆದೆ. ಡಯಲ್ ಗೇಜಿನ ಮುಳ್ಳು ಅಲುಗಲಿಲ್ಲ. ಇಪ್ಪತ್ತಮೂರಕ್ಕೆ ಇಪ್ಪತ್ತಮೂರು. ಗೇಜೇ ಕೆಟ್ಟಿರಬೇಕೆಂದು ಬೆರಳಿನಿಂದ ತಟ್ಟಿ ನೋಡಿದೆ. ಅದು ಕೆಟ್ಟಿರಲಿಲ್ಲ. ಬೇಡ ಎನ್ನಲು ಒಂದು ಕಾರಣವೂ ಸಿಗದೆ ನನಗೆ ಬೆವರು ಬಂತು. ಕೊನೆಗೆ, ಜನ್ಮದಲ್ಲಿ ಮೊದಲ ಬಾರಿಗೆ, ತಗೋತೀನಿ ಪುಟ್ಟಸ್ವಾಮಿಯವರೇ ಅಂದೆ. ಹೇಳಿದ ಮೇಲೆ ಎದೆ ಎಷ್ಟು ಹಗುರಾಯಿತೆಂದರೆ, ಅಲ್ಲೇ ಕೂತು ಅತ್ತುಬಿಡೋಣ ಅನ್ನಿಸಿತು.

ಪುಟ್ಟಸ್ವಾಮಿ ಎದ್ದು ಬಂದು ಚಕ್ಕಿಗೆ ಒಂದು ಹಿತ್ತಾಳೆ ಸರಳು ಕಟ್ಟಿದರು. ಇದನ್ನು ಇಪ್ಪತ್ತು ಎಂಎಂಗೆ ತನ್ನಿ ಸಾರ್, ಸುಮ್ನೆ ಒಂದು ಕೈ ನೋಡಿ ಎಂದರು. ಹಿಡಿ ಹೇಗೆ ತಿರುಗಿಸುವುದು ಎಂದು ತೋರಿಸಿ ಹಿಂದೆ ಸರಿದು ನಿಂತರು. ನಾನು ಕನಸು ಕಂಡ ಗಳಿಗೆ ಬಂದೇ ಬಿಟ್ಟಿತ್ತು. ಸ್ವಿಚ್ಚು ಹಾಕಿದೆ, ಟೂಲು ತಾಗಿಸಿದೆ, ಹಿತ್ತಾಳೆಯ ಚಿನ್ನದಂಥ ಪುಡಿ ಉದುರಿತು. ತಕ್ಷಣ ನಿಲ್ಲಿಸಿ ಅಳೆದೆ. ಮತ್ತೆ ಒಂದಿಷ್ಟು ಹೆರೆದು ನಿಲ್ಲಿಸಿ ಅಳೆದೆ. ಜಾಸ್ತಿ ಇದ್ದರೆ ತೆಗೆಯಬಹುದು, ಕಡಿಮೆಯಾದರೆ ಸೇರಿಸಲಾಗುವುದಿಲ್ಲ ಎಂದು ಎಷ್ಟು ಜನಕ್ಕೆ ಬುದ್ಧಿ ಹೇಳಿದ್ದವನು ನಾನು, ಆ ಭಯ ಈಗ ನನ್ನ ಮಣಿಕಟ್ಟಿನಲ್ಲೇ ಬಂದು ಕೂತಿತ್ತು. ಮುಕ್ಕಾಲು ಗಂಟೆಯಾಯಿತು. ಇನ್ನೇನು ಕೊನೆಯ ಒಂದು ಸಣ್ಣ ಹೆರೆತ ಬಾಕಿ. ಎಷ್ಟು ಹೊತ್ತು ಯೋಚಿಸಿದೆನೋ, ಯೋಚಿಸಿ ಯೋಚಿಸಿ ಕೈ ಮರಗಟ್ಟಿ, ಹಿಡಿ ಒಂದು ಗೀಟು ಹೆಚ್ಚು ತಿರುಗಿತು. ಅಳೆದರೆ ಇಪ್ಪತ್ತಕ್ಕೆ ಕೂದಲೆಳೆಯಷ್ಟು ಕಡಿಮೆ.

ನಾನು ಮೈಕ್ರೋಮೀಟರನ್ನು ಅವರ ಕಡೆ ಚಾಚಿದೆ. ಅವರು ಅದನ್ನು ನೋಡಲೇ ಇಲ್ಲ.

"ಪೀಸಿನ ಮಾತು ಬಿಡಿ ಸಾರ್, ಮೊದಲನೇದು ಎಲ್ಲಾರ್ದೂ ಹೋಗುತ್ತೆ," ಎಂದರು ಪುಟ್ಟಸ್ವಾಮಿ. "ನಾನು ನೋಡ್ತಿದ್ದಿದ್ದು ಅದಲ್ಲ. ನಲವತ್ತೈದು ನಿಮಿಷದಲ್ಲಿ ಮೂವತ್ತು ಸಲ ನಿಲ್ಸಿದ್ರಿ. ಇದು ಓಡಿ ಓಡಿ ಅಭ್ಯಾಸ ಆಗಿರೋ ಮೆಷಿನ್ನು. ನಿಮ್ಮನೇಲಿ ಇದನ್ನ ದಿನಾ ಒರೆಸ್ತೀರಿ, ದಿನಾ ಅಳೀತೀರಿ. ಓಡ್ಸಲ್ಲ. ಬೇಜಾರು ಮಾಡ್ಕೋಬೇಡಿ ಸಾರ್, ನಿಮಗೆ ಕೊಡಲ್ಲ."

ಅವರ ದನಿಯಲ್ಲಿ ಸೇಡು ಇದ್ದಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು, ಜಗಳ ಮಾಡಬಹುದಿತ್ತು. ಅದು ಇರಲಿಲ್ಲ. ವಸ್ತುವನ್ನು ನೋಡಿ, ಇದ್ದದ್ದನ್ನು ಇದ್ದ ಹಾಗೆ ಹೇಳುವ ಸಾದಾ ದನಿ. ನನಗೆ ಇನ್ನೊಂದು ಅವಕಾಶ ಕೊಡಿ, ಇನ್ನು ನಿಲ್ಲಿಸುವುದಿಲ್ಲ ಎಂದು ಕೇಳಿಕೊಂಡೆ. ಎಷ್ಟು ದೈನ್ಯದಿಂದ ಕೇಳಿದೆ ಎಂದು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಅವರು ತಲೆ ಅಲ್ಲಾಡಿಸಿ, ಎದುರಿನ ಅಂಗಡಿಗೆ ಕೈ ಮಾಡಿ ಎರಡು ಟೀ ಹೇಳಿದರು. ಟೀ ಕುಡಿದೆವು. ಮೊಣಕಾಲಿಗೆ ಯಾವ ಎಣ್ಣೆ ಒಳ್ಳೆಯದು ಎಂದು ಮಾತಾಡಿಕೊಂಡೆವು. ಗೇಟಿನವರೆಗೆ ಕುಂಟುತ್ತಾ ಬಂದು ಕಳಿಸಿಕೊಟ್ಟರು.

ಮನೆಗೆ ಬಂದಾಗ ಸರೋಜ ಜಗಲಿಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ಏನಾಯ್ತು ರೀ ಎಂದಳು. ದಾರಿಯುದ್ದಕ್ಕೂ ನಾನು ನಿಜವನ್ನೇ ಹೇಳಬೇಕೆಂದು ಗಟ್ಟಿಮಾಡಿಕೊಂಡು ಬಂದಿದ್ದೆ, ದೇವರಾಣೆ. ಆದರೆ ಬಾಯಿ ತನಗೆ ಅಭ್ಯಾಸವಿದ್ದದ್ದನ್ನೇ ಹೇಳಿತು.

"ಚಕ್ಕು ಸ್ವಲ್ಪ ಓಲಾಡುತ್ತೆ ಕಣೇ. ಬೇಡ ಅಂದ್ಬಿಟ್ಟೆ."

ಅವಳು ಒಂದು ಕ್ಷಣವೂ ಅನುಮಾನಿಸಲಿಲ್ಲ. ಸೊಪ್ಪನ್ನು ಮೊರದಲ್ಲಿಟ್ಟು ನಿಟ್ಟುಸಿರು ಬಿಟ್ಟಳು. "ಅಯ್ಯೋ ಪಾಪ, ಅವರ ಮುಖಕ್ಕೇ ಹೇಳ್ಬಿಟ್ರಾ? ಎಷ್ಟು ನೊಂದ್ಕೊಂಡ್ರೋ ಆ ಮನುಷ್ಯ."

ಇಲ್ಲ ಕಣೇ, ಟೀ ಕುಡಿಸಿ ಕಳಿಸಿದರು ಅಂದೆ. ನಾನು ಆಡಿದ ಮಾತಿನಲ್ಲಿ ಅಷ್ಟು ಭಾಗ ನಿಜವಾಗಿತ್ತು.