ಕಾಕಾನ ರೈಲು ಮತ್ತು ಬಲಸುತ್ತು

ಜಗತ್ತಿನಲ್ಲಿ ಚಿಂತೆಗೆ ಎಂದಾದರೂ ಬರ ಬಂದರೆ ಹೆದರಬೇಡಿ, ಆಳಂದದ ನಮ್ಮ ಕಾಕಾನ ಮನೆಗೆ ಬನ್ನಿ. ವರ್ಷಗಟ್ಟಲೆ ಸಾಕಾಗುವಷ್ಟು ದಾಸ್ತಾನಿದೆ! ತೊಗರಿ ವ್ಯಾಪಾರ ಮಾಡಿದ ಮನುಷ್ಯ. ಮಳೆ ಬಂದರೆ ಚೀಲ ತೊಯ್ದಾವೆಂಬ ಚಿಂತೆ, ಬಾರದಿದ್ದರೆ ಚೀಲವೇ ತುಂಬಲಿಕ್ಕಿಲ್ಲವೆಂಬ ಚಿಂತೆ. ನರೋಣಾದ ಬಸ್ಸು ಹತ್ತುವ ಮೊದಲು ಅದರ ಗಾಲಿಗೆ ಒದ್ದು ನೋಡುತ್ತಾರೆ. "ಯಜಮಾನ್ರ, ಗಾಡಿ ಪಾಸಾತೇನ್ರಿ?" ಎಂದು ಕಂಡಕ್ಟರ್ ಕೇಳಿದರೆ, "ಹಿಂದಿಂದು ಇನ್ನಾ ನೋಡಿಲ್ಲ, ತಡಿ" ಎನ್ನುತ್ತಾರೆ.

ಇಂಥವರಿಗೆ ಆಟಿಕೆ ರೈಲಿನ ಹುಚ್ಚು ಹತ್ತಿತು. ನಮ್ಮ ಆಳಂದಕ್ಕೆ ರೈಲೇ ಬಂದಿಲ್ಲ ನೋಡಿ, ತಾವೇ ತರಿಸಿಬಿಟ್ಟರು! ಪಡಸಾಲೆಯ ಮಂಚದ ಮೇಲೆ ಪ್ಲೈವುಡ್ ಹಾಸಿ, ಆಳಂದದಿಂದ ಅಫಜಲಪುರದ ಮೇಲೆ ಹಾಯ್ದು ಜೇವರ್ಗಿಯವರೆಗೆ ಹಳಿ ಹಾಕಿದರು. ನಡುವೆ ನೀಲಿ ಬಣ್ಣದ ಭೀಮಾ ನದಿ. ಗೂಡ್ಸ್ ಡಬ್ಬಿಗಳ ತುಂಬ ಅವರ ಹೆಂಡತಿ, ನಮ್ಮ ಕಾಕುವಿನ ಅಡುಗೆಮನೆಯ ತೊಗರಿಬೇಳೆ. ಒಂದೇ ಕೊರತೆ. ಜೇವರ್ಗಿ ಮುಟ್ಟಿದ ಎಂಜಿನ್ನಿಗೆ ಮುಖ ತಿರುಗಿಸಲು ಜಾಗವಿಲ್ಲ, ಹಿಮ್ಮುಖವಾಗಿಯೇ ಮನೆಗೆ ಬರಬೇಕು. ಅದಕ್ಕೆ ಕಾಕಾ ಟರ್ನ್‌ಟೇಬಲ್ ತರಿಸಿದರು. ಅಂದರೆ ಎಂಜಿನ್ನನ್ನು ಹೊತ್ತು ತಿರುಗುವ ದುಂಡನೆಯ ತಟ್ಟೆ.

ಅಷ್ಟರಲ್ಲಿ ಕಾಕುವಿನ ಹೃದಯದ ಆಪರೇಷನ್ನಿಗೆ ದಿನ ಗೊತ್ತಾಯಿತು. ಸೋಮವಾರ ಕಲಬುರಗಿಯ ಆಸ್ಪತ್ರೆ ಸೇರಬೇಕು. ಮನೆಮಂದಿಗೆಲ್ಲ ಊಟ ಸೇರುತ್ತಿಲ್ಲ. ಈ ಚಿಂತೆಯ ಚಕ್ರವರ್ತಿ ಏನು ಮಾಡಬೇಕು? ಮಂಚದಡಿ ಸೇರಿ ವೈರು ಜೋಡಿಸಬೇಕೇ!

"ಕಾಕಾ, ಡಾಕ್ಟರ್ ಕೂಡ ಮಾತಾಡಬೇಕ್ರಿ" ಎಂದೆ.

ಮಂಚದಡಿಯಿಂದ ದನಿ ಬಂತು: "ಸೋಮವಾರದೊಳಗ ಇಂಜನ್ ಜೇವರ್ಗಿಗಿ ಹೋಗಿ, ಮಾರಿ ತಿರುಗಿಸಿಕೊಂಡು ಆಳಂದಕ್ಕ ಹೊಳ್ಳಿ ಬರಬೇಕಲೇ. ಬರಲಿಲ್ಲಂದ್ರ ನಾ ಆಕಿನ್ನ ದವಾಖಾನಿಗಿ ಕಳಸಂಗಿಲ್ಲ!"

ಇದೆಂಥ ಹರಕೆ! ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಶುಕ್ರವಾರ ಎಂಜಿನ್ನಿಗೆ ಜಿಡಗಾ ಮಠದ ವಿಭೂತಿ ಹಚ್ಚಿ ಬಿಟ್ಟರು. ಅದು ತಟ್ಟೆ ಹತ್ತಿತು, ಅರ್ಧ ಸುತ್ತಿತು, ಹಳಿಗೆ ಇಳಿಯಿತು... ಫಟ್! ತಟ್ಟೆ ತಿರುಗಿದಾಗ ಎಡದ ಹಳಿ ಬಲಕ್ಕೆ ಬಂದು, ಕೆಂಪು ವೈರಿಗೂ ಕಪ್ಪು ವೈರಿಗೂ ಡಿಕ್ಕಿ! ಕಾಕಾ ಓಡಿಹೋಗಿ ಇಡೀ ಮನೆಯ ಮೇನ್ ಸ್ವಿಚ್ಚನ್ನೇ ಆರಿಸಿದರು. ಮಿಕ್ಸರಿನಲ್ಲಿದ್ದ ಶೇಂಗಾಹಿಂಡಿ ಅರ್ಧಕ್ಕೇ ನಿಂತಿತು.

"ಈ ಮನ್ಯಾಗ ನನ್ನ ಎದಿ ಒಂದೇ ಅಲ್ಲ, ಎಲ್ಲಾ ನಿಂತು ನಿಂತು ನಡಿತಾವ" ಎಂದರು ಕಾಕು.

ಕರೆಂಟನ್ನು ಅದಲುಬದಲು ಮಾಡುವ ಸ್ವಿಚ್ ಹಾಕಿ ಆ ಗಂಡಾಂತರ ಕಳೆದದ್ದಾಯಿತು. ಶನಿವಾರ ಇನ್ನೊಂದು ಬಂತು. ಕಾಕಾ ತಟ್ಟೆಯನ್ನು ಬಲಕ್ಕೆ ಮಾತ್ರ ಸುತ್ತುತ್ತಿದ್ದರು. "ಎಡಕ್ಕ ಸುತ್ತೂದು ಅಪಶಕುನ. ಅದೂ ಇಂಥಾ ಹೊತ್ತಿನ್ಯಾಗ?" ಹಳಿಯಿಂದ ಕೂದಲೆಳೆಯಷ್ಟು ಮುಂದೆ ಹೋದರೂ ಹಿಂದೆ ಸರಿಸುವಂತಿಲ್ಲ, ಮತ್ತೊಂದು ಪೂರ್ತಿ ಪ್ರದಕ್ಷಿಣೆ! ಸುತ್ತಿದಂತೆಲ್ಲ ಅಡಿಯಲ್ಲಿ ವೈರು ಹಗ್ಗದಂತೆ ಹೊಸೆದುಕೊಂಡು ಕಡಿಯುತ್ತಿತ್ತು. ಬೆಸೆದರು, ಕಡಿಯಿತು. ಮತ್ತೆ ಬೆಸೆದರು, ಮತ್ತೆ ಕಡಿಯಿತು. ಭಾನುವಾರದ ಹೊತ್ತಿಗೆ ಚೇಷ್ಟೆ ಮಾಡಲು ಕೂತ ನಾನೂ ಟಾರ್ಚ್ ಹಿಡಿದು ಮಂಚದಡಿ ಸೇರಿದ್ದೆ.

ಸೋಮವಾರ ಮುಂಜಾನೆ ಬಾಗಿಲಿಗೆ ಜೀಪು ಬಂದರೂ ಕಾಕಾ ಮಂಚದಡಿಯೇ. ಹೊರಡಲು ಸಿದ್ಧರಾದ ಕಾಕು ಬಗ್ಗಿ ನೋಡಿದರು.

"ಯಾಕ್ರಿ, ಈಶ್ವರನ ಗುಡ್ಯಾಗ ನಾವು ಪೂರಾ ಸುತ್ತತೇವೇನು? ಅಭಿಷೇಕದ ನೀರು ಹೋಗೋ ಗೋಮುಖದ ತನಕ ಹೋಗಿ, ಅದನ್ನ ದಾಟಲಾರದ, ಬಂದ ದಾರೀಲೇ ಹೊಳ್ಳಿ ಬರಂಗಿಲ್ಲೇನು? ಶಿವನಿಗಿ ನಡದದ್ದು ನಿಮ್ಮ ಇಂಜನ್ನಿಗಿ ನಡ್ಯಂಗಿಲ್ಲಾ?"

ಕಾಕಾ ಮತ್ತೆ ವೈರು ಬೆಸೆದರು. ತಟ್ಟೆ ಎಂಜಿನ್ ಹೊತ್ತು ಅರ್ಧ ಸುತ್ತು ಬಲಕ್ಕೆ, ಅದನ್ನು ಇಳಿಸಿ ಅರ್ಧ ಸುತ್ತು ಎಡಕ್ಕೆ. ವೈರು ಹೊಸೆದುಕೊಳ್ಳಲಿಲ್ಲ! ಎಂಜಿನ್ ಜೇವರ್ಗಿಗೆ ಹೋಯಿತು, ಮುಖ ತಿರುಗಿಸಿಕೊಂಡಿತು, ಅಫಜಲಪುರ ದಾಟಿ ಠೀವಿಯಿಂದ ಆಳಂದಕ್ಕೆ ಬಂದು ನಿಂತಿತು. ನಾನು ಚಪ್ಪಾಳೆ ತಟ್ಟಿದೆ. ಕಾಕಾ ತಟ್ಟಲಿಲ್ಲ. ಎಲ್ಲದಕ್ಕೂ ಊರಿಗೇ ಕೇಳುವಂತೆ ಚಿಂತೆ ಮಾಡುವ ಮನುಷ್ಯ ಇಷ್ಟು ದಿನ ಆಪರೇಷನ್ ಎಂಬ ಶಬ್ದವನ್ನೇ ಎತ್ತಿರಲಿಲ್ಲವೆಂಬುದು ನನಗೆ ಆಗ ಹೊಳೆಯಿತು.

ಅವರು ರೈಲಿಗೆ ಕರೆಂಟು ಬಿಡುವ ಸ್ವಿಚ್ ಪೆಟ್ಟಿಗೆಯ ತಿರುಪುಗುಂಡಿಯನ್ನು ಕಿತ್ತು, ಕಾಕುವಿನ ಚೀಲದೊಳಗೆ ಸೀರೆಯ ಮಡಿಕೆಯಲ್ಲಿಟ್ಟರು.

"ಇದಿಲ್ಲಂದ್ರ ರೈಲು ನಡ್ಯಂಗಿಲ್ಲ. ನೀನೇ ತಂದು ಹಚ್ಚಬೇಕು."

"ಹಚ್ಚತೇನಿ. ಮೊದಲ ಕಣ್ಣ ಒರಸ್ಕೋರಿ, ಜೀಪಿನವ ನೋಡಾಕತ್ತಾನ."

ಕಾಕಾ ಒರೆಸಿಕೊಳ್ಳಲಿಲ್ಲ. ಕಲಬುರಗಿ ಬರುವ ತನಕ ಕಾಕುವಿನ ಕೈಯನ್ನು ಎರಡೂ ಕೈಯಿಂದ ಹಿಡಿದು ಕೂತಿದ್ದರು.