ನಾದಿನಿಯ ಕೇಬಲ್ ಪರೀಕ್ಷೆ

ನನ್ನ ನಾದಿನಿಯ ಕೈಗೆ ಪೆನ್ನು ಕೊಡಬೇಡಿ. ಕೊಟ್ಟಿರೋ, ನಿಮ್ಮ ಮುಖದ ಸುತ್ತ ಒಂದು ಗೆರೆ ಎಳೆದು, ಪಕ್ಕದಲ್ಲಿ ಹತ್ತಕ್ಕೆ ಎಷ್ಟು ಅಂತ ಬರೆದುಬಿಟ್ಟಾಳು!

ಸುಳ್ಳಲ್ಲ. ದೀಪಾವಳಿಗೆ ನಾನು ಅಂಗಳದಲ್ಲಿ ಹಾಕಿದ ರಂಗೋಲಿಯಲ್ಲಿ ಎರಡು ಚುಕ್ಕಿಗಳನ್ನು ಗೆರೆಗೆ ಸೇರಿಸಲು ಮರೆತುಹೋಗಿತ್ತು. ಕಾಫಿ ಕುಡಿದು ಹೊರಗೆ ಬಂದರೆ ಅವುಗಳ ಸುತ್ತ ಸೀಮೆಸುಣ್ಣದ ಗೆರೆ, ಪಕ್ಕದಲ್ಲಿ ಹತ್ತಕ್ಕೆ ಎಂಟು! "ಅತ್ತಿಗೆ, ಈ ಎರಡಕ್ಕೆ ಕನೆಕ್ಷನ್ನೇ ಇಲ್ಲ" ಎಂದಳು, ಗಂಭೀರವಾಗಿ. ನಾನು ಹೈಸ್ಕೂಲಿನ ಕನ್ನಡ ಟೀಚರು. ಊರಿನ ಮಕ್ಕಳಿಗೆಲ್ಲ ಮಾರ್ಕು ಹಾಕುವವಳು ನಾನು, ನನಗೆ ಮಾರ್ಕು ಹಾಕುವವಳು ಇವಳು. ಇದಕ್ಕೆ ಎಂತ ಹೇಳುವುದು?

ನಾದಿನಿ ಎಂದರೆ ನನ್ನ ಗಂಡನ ತಂಗಿ. ಮಂಗಳೂರಿನಲ್ಲೇ ಒಂದು ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ನೆಟ್‌ವರ್ಕ್ ಕಲಿಸುತ್ತಾಳೆ. ಕೊಟ್ಟಾರದ ನಮ್ಮ ಮನೆಯಲ್ಲಿ ಅತ್ತೆ, ನನ್ನ ಗಂಡ, ನಾನು, ಇವಳು, ಮತ್ತೆ ಇವಳ ಲ್ಯಾಪ್‌ಟಾಪು. ಊಟಕ್ಕೆ ಕೂರುವಾಗ ಅದಕ್ಕೂ ಒಂದು ಜಾಗ ಬಿಡಬೇಕು! ಗಂಡನ ಮನೆಯವರು ತಲೆಮಾರುಗಳಿಂದ ಸಮುದ್ರಕ್ಕೆ ಬಲೆ ಹಾಕಿದವರು. "ನಾನೂ ನೆಟ್ಟಿನಲ್ಲೇ ಇದ್ದೇನಲ್ಲ" ಎನ್ನುವುದು ಇವಳ ಹಳೇ ಜೋಕು. ನಗದಿದ್ದರೆ ಮತ್ತೊಮ್ಮೆ ಹೇಳುತ್ತಾಳೆ. ಆದ್ದರಿಂದ ನಾವೆಲ್ಲ ಮೊದಲನೆಯ ಸಲವೇ ಜೋರಾಗಿ ನಕ್ಕುಬಿಡುತ್ತೇವೆ.

ಅವಳ ಕೆಲಸ ಎಂತದ್ದೆಂದು ನನಗೆ ಅರ್ಥವಾದಷ್ಟು ಹೇಳುತ್ತೇನೆ. ಒಂದು ಸಾಫ್ಟ್‌ವೇರ್ ಉಂಟು. ಅದರಲ್ಲಿ ಪರದೆಯ ಮೇಲೆಯೇ ಕಂಪ್ಯೂಟರುಗಳ ಚಿತ್ರ ಇಟ್ಟು, ನಡುವೆ ಕೇಬಲಿನ ಗೆರೆ ಎಳೆದು, ನಿಜವಾದ ಆಫೀಸಿನಲ್ಲಿ ಆದ ಹಾಗೆಯೇ ಸಂದೇಶ ಕಳಿಸಬಹುದು. ಕಂಪ್ಯೂಟರೂ ಬೇಡ, ಕೇಬಲೂ ಬೇಡ. ಇವಳು ಅದರಲ್ಲಿ ಮಕ್ಕಳಿಗೆ ಅಭ್ಯಾಸಗಳನ್ನು ತಯಾರಿಸುತ್ತಾಳೆ. 'ಸಂದೇಶ ಹೋಗುವ ದಾರಿಗೆ ಗುರುತು ಹಾಕಿ', 'ಜೀವ ಇಲ್ಲದ ಕೇಬಲಿನ ಮೇಲೆ ಗುರುತು ಹಾಕಿ' ಅಂತ. ಮಕ್ಕಳು ಚಿತ್ರದ ಮೇಲೆ ಗುರುತು ಹಾಕಿದ ಕೂಡಲೇ ಸಾಫ್ಟ್‌ವೇರೇ ಮಾರ್ಕು ಕೊಡುತ್ತದೆ. ನಾನು ಉತ್ತರಪತ್ರಿಕೆಗಳ ಕಟ್ಟಿನ ಮುಂದೆ ಸೊಂಟ ಹಿಡಿದುಕೊಂಡು ಕೂತಿರುವಾಗ ಇವಳು ಚಕ್ಕುಲಿ ತಿನ್ನುತ್ತಾ ಇರುತ್ತಾಳೆ. ಹೊಟ್ಟೆ ಉರಿಯುವುದಿಲ್ಲವೇ ಹೇಳಿ!

ಆದರೆ ಒಂದು ಅಭ್ಯಾಸ ಕಾಲೇಜು ಮುಟ್ಟುವ ಮೊದಲು ನಮ್ಮ ಮನೆಯವರ ಪ್ರಾಣ ತೆಗೆದೇ ಹೋಗಬೇಕು. ಯಾಕೆಂದರೆ ಅದನ್ನು ಪರೀಕ್ಷಿಸುವವರು ನಾವು!

ಮೊದಲ ಬಲಿ ಅತ್ತೆ. ಬಂದರಿನಲ್ಲಿ ದೋಣಿಗಳು ಬಂದು ನಿಲ್ಲುವ ದಕ್ಕೆಯಲ್ಲಿ ಬಹಳ ಕಾಲ ಮೀನು ಮಾರಿದವರು, ಈಗ ಮನೆಯಲ್ಲಿ ಧಾರಾವಾಹಿ ನೋಡುವವರು. ಪ್ರಶ್ನೆ ಹೀಗಿತ್ತು: 'ಈ ಕಂಪ್ಯೂಟರ್ ಎಲ್ಲರನ್ನೂ ಕರೆದು ಕೂಗಿದರೆ ಯಾರಿಗೆಲ್ಲ ಕೇಳಿಸುತ್ತದೆ? ಅವರ ಸುತ್ತ ಗೆರೆ ಎಳೆಯಿರಿ.' ನಾದಿನಿ ಓದಿ ಹೇಳಿದಳು. ಅತ್ತೆ ಒಂದು ಕ್ಷಣವೂ ಯೋಚಿಸಲಿಲ್ಲ. ಟಚ್‌ಸ್ಕ್ರೀನು ತಾನೇ, ಇಡೀ ಪರದೆಯ ಸುತ್ತ ಬೆರಳಿನಲ್ಲಿ ಒಂದೇ ದೊಡ್ಡ ಗೆರೆ ಎಳೆದರು.

"ಅಮ್ಮಾ, ಎಲ್ಲರಿಗೂ ಕೇಳುವುದಿಲ್ಲ! ಆಚೆ ಬದಿಯದ್ದು ಬೇರೆ ಆಫೀಸು!"

"ಕೂಗುವುದು ಅಂದಮೇಲೆ ಇಡೀ ದಕ್ಕೆಗೆ ಕೇಳಬೇಕು. ಅವನಿಗೆ ಕೂಗಲಿಕ್ಕೆ ಬರುವುದಿಲ್ಲ ಅಂದರೆ ನಾನೆಂತ ಮಾಡ್ಲಿ?"

ಸಾಫ್ಟ್‌ವೇರ್ ಎಷ್ಟು ಮಾರ್ಕು ಕೊಟ್ಟಿತು ಗೊತ್ತೇ? ಹತ್ತಕ್ಕೆ ಹತ್ತು! ಸರಿಯಾದ ಕಂಪ್ಯೂಟರುಗಳು ಗೆರೆಯ ಒಳಗೆ ಇವೆಯೋ ಅಂತ ಮಾತ್ರ ಅದು ನೋಡುತ್ತಿತ್ತು. ಬೇಡದವರೂ ಒಳಗೆ ನುಗ್ಗಿದ್ದಾರೋ ಅಂತ ನೋಡಲು ಇವಳು ಹೇಳಿಕೊಟ್ಟಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಬೇಸರ ಮಾಡಿಕೊಳ್ಳುತ್ತಿದ್ದರು. ಇವಳು ಅತ್ತೆಯನ್ನು ಅಪ್ಪಿಕೊಂಡು ಕುಣಿದಳು.

"ಅಮ್ಮಾ, ನೀನು ಬಗ್ ಹಿಡಿದೆ! ದೊಡ್ಡ ಬಗ್!"

"ಎಂತ, ಬಂಗುಡೆ ಮೀನಾ?" ಎಂದರು ಅತ್ತೆ.

ಎರಡನೆಯ ಬಲಿ ನನ್ನ ಗಂಡ. ದೋಣಿಗಳ ಇಂಜಿನು ರಿಪೇರಿ ಮಾಡುವ ಮನುಷ್ಯ. ಅವರ ಬೆರಳು ಎಂದರೆ ಸಣ್ಣ ಬಾಳೆಹಣ್ಣೇ ಸರಿ. ತುಂಡಾದ ಕೇಬಲಿನ ಮೇಲೆ ಸರಿಯಾಗಿಯೇ ಬೆರಳಿಟ್ಟರು. ಸೊನ್ನೆ! ಮತ್ತೆ ಇಟ್ಟರು. ಸೊನ್ನೆ! ಗೆರೆ ಕೂದಲಿನಷ್ಟು ಸಪೂರ, ಕೂದಲಿನಷ್ಟು ಆಚೆ ಹೋದರೂ ತಪ್ಪು.

"ನನ್ನ ಉತ್ತರ ಸರಿ ಉಂಟು ಮಾರಾಯ್ತಿ!"

"ಉತ್ತರ ಸರಿ ಅಣ್ಣ, ಬೆರಳು ತೋರ ಆಯ್ತು."

"ಹಾಗಾದರೆ ಪರೀಕ್ಷೆ ಬರೆಯಲಿಕ್ಕೆ ಬೆರಳು ಕೆತ್ತಿಸಿಕೊಂಡು ಬರಬೇಕಾ?"

ಮರುದಿನ ಸಾಫ್ಟ್‌ವೇರಿನಲ್ಲಿ ಗೆರೆಯಿಂದ ಸ್ವಲ್ಪ ಆಚೀಚೆ ಹೋದರೂ ನಡೆಯುವಂತೆ ಬದಲಾಯಿಸಿದಳು. ಆ ಬದಲಾವಣೆಗೆ ಒಂದು ಹೆಸರೂ ಇಟ್ಟಳು: 'ಅಣ್ಣನ ಬೆರಳು'. ಈಗ ಆ ಕಾಲೇಜಿನ ಮಕ್ಕಳು "ಮೇಡಂ, ಈ ಪ್ರಶ್ನೆಗೆ ಅಣ್ಣನ ಬೆರಳು ಉಂಟಾ?" ಅಂತ ಕೇಳುತ್ತಾರಂತೆ. ನನ್ನ ಗಂಡ ಈ ವಿಷಯವನ್ನು ದಕ್ಕೆಯಲ್ಲಿ ಹೇಳಿಕೊಂಡು ತಿರುಗಾಡದ ದಿನ ಇಲ್ಲ!

ಇನ್ನು ಹೆಣ್ಣು ನೋಡುವ ಕಥೆ. ಹುಡುಗ ಬಿಕರ್ನಕಟ್ಟೆಯವನು, ಗಲ್ಫಿನಲ್ಲಿ ಕಂಪ್ಯೂಟರ್ ಕೆಲಸ, ರಜೆಯಲ್ಲಿ ಬಂದಿದ್ದ. ನಾನು ಬನ್ಸು ಕರಿದು, ಸೀರೆ ಉಡಿಸಿ, "ಲ್ಯಾಪ್‌ಟಾಪ್ ಮುಟ್ಟಿದರೆ ಜಾಗ್ರತೆ" ಎಂದು ಹೇಳಿಯೇ ಇವಳನ್ನು ಹೊರಗೆ ಕಳಿಸಿದ್ದೆ. ಹುಡುಗ ಪಾಪ, ಮಾತಿಗೆ ಮಾತು ಅಂತ "ನಿಮ್ಮ ಅಭ್ಯಾಸಗಳ ಬಗ್ಗೆ ಕೇಳಿದ್ದೇನೆ" ಎಂದುಬಿಟ್ಟ. ಮುಗಿಯಿತು! ನಾನು ಒಳಗಿಂದ ಚಹಾ ತರುವಷ್ಟರಲ್ಲಿ ಅವನ ತೊಡೆಯ ಮೇಲೆ ಲ್ಯಾಪ್‌ಟಾಪ್ ಇತ್ತು, ಹಣೆಯ ಮೇಲೆ ಬೆವರು ಇತ್ತು. ಸ್ವಲ್ಪ ಹೊತ್ತಿಗೆ 'ಟುಂಯ್' ಎಂದು ಶಬ್ದವಾಯಿತು. ಹತ್ತಕ್ಕೆ ನಾಲ್ಕು.

"ಎಂತ, ನಮ್ಮವ ಫೇಲಾ?" ಎಂದು ಹುಡುಗನ ತಾಯಿ ಗಾಬರಿಯಿಂದ ಕೇಳಿದರು.

"ನಾನಲ್ಲ ಆಂಟಿ, ಸಾಫ್ಟ್‌ವೇರ್ ಕೊಟ್ಟದ್ದು" ಎಂದಳು ಇವಳು, ಸಮಾಧಾನ ಮಾಡುವ ದನಿಯಲ್ಲಿ.

ಅವರು ಮತ್ತೆ ಫೋನು ಮಾಡಲಿಲ್ಲ. ಇವಳಿಗೆ ಕಿಂಚಿತ್ತೂ ಬೇಸರವಿರಲಿಲ್ಲ. "ಪ್ರಶ್ನೆ ಪೂರ್ತಿ ಓದದವನು ಅತ್ತಿಗೆ, ನಾನು ಹೇಳಿದ್ದು ಪೂರ್ತಿ ಕೇಳ್ತಾನಾ?" ಎಂದಳು. ಯೋಚಿಸಿ ನೋಡಿದರೆ, ಅವಳು ಹೇಳಿದ್ದು ತಪ್ಪಲ್ಲ.

ಹೀಗೆ ನಗುತ್ತಾ ಬೈಯುತ್ತಾ ಇದ್ದ ನಮಗೆ ಈ ಹುಚ್ಚಿನ ಬೆಲೆ ತಿಳಿದದ್ದು ಕಳೆದ ಮಳೆಗಾಲ ಮುಗಿದ ಮೇಲೆ.

ಅವಳ ತರಗತಿಯಲ್ಲಿ ಬೆಂಗ್ರೆಯ ಒಬ್ಬ ವಿದ್ಯಾರ್ಥಿ ಇದ್ದ. ಬೆಂಗ್ರೆ ಎಂದರೆ ಬಂದರಿನಿಂದ ನದಿಯ ಆಚೆ ದಡ, ಫೆರಿಯಲ್ಲಿ ಹೋಗಬೇಕು. ಹುಡುಗ ಒಳ್ಳೆಯವನು, ಎಲ್ಲ ಅಭ್ಯಾಸಗಳಲ್ಲೂ ಮುಂದೆ. ಆದರೆ 'ಜೀವ ಇಲ್ಲದ ಕೇಬಲು' ಬಂತೆಂದರೆ ಸೊನ್ನೆ. ಪ್ರತಿ ಸಲವೂ ಸೊನ್ನೆ. ಲ್ಯಾಬಿನ ಪರೀಕ್ಷೆಯಲ್ಲಿ ಅದೇ ಪ್ರಶ್ನೆಗಳು ಜಾಸ್ತಿ ಇದ್ದವು, ಹುಡುಗ ಫೇಲಾದ. ಅವನ ತಂದೆ, ದೋಣಿಗೆ ಹೋಗುವವರು, ಕಾಲೇಜಿಗೆ ಬಂದು ಸರ್ಟಿಫಿಕೇಟು ವಾಪಸು ಕೇಳಿದರು. "ಓದು ಇವನ ತಲೆಗೆ ಹತ್ತುವುದಿಲ್ಲ ಮೇಡಂ. ನನ್ನ ಜೊತೆ ದೋಣಿಗೆ ಬರಲಿ."

ನಾದಿನಿ ಸೋಮವಾರದವರೆಗೆ ಸಮಯ ಕೇಳಿದಳು. ಅವಳ ಮೊದಲ ಅನುಮಾನ ಹುಡುಗನ ಮೇಲಲ್ಲ, ತನ್ನ ಸಾಫ್ಟ್‌ವೇರಿನ ಮೇಲೆ! ಎಲ್ಲ ಬಿಚ್ಚಿ ನೋಡಿದಳು. ಅದರಲ್ಲಿ ತಪ್ಪಿರಲಿಲ್ಲ. ಕೊನೆಗೆ ಹುಡುಗನನ್ನೇ ಪಕ್ಕದಲ್ಲಿ ಕೂರಿಸಿಕೊಂಡಳು. ಚಿತ್ರದಲ್ಲಿ ಪ್ರತಿ ಕೇಬಲಿನ ತುದಿಗೂ ಒಂದು ಚುಕ್ಕಿ ಇರುತ್ತದೆ. ಹಸಿರು ಇದ್ದರೆ ಜೀವ ಉಂಟು, ಕೆಂಪು ಇದ್ದರೆ ಇಲ್ಲ.

"ಇದರಲ್ಲಿ ಕೆಂಪು ಚುಕ್ಕಿ ತೋರಿಸು."

ಹುಡುಗ ಬಹಳ ಹೊತ್ತು ನೋಡಿ, ತಲೆ ತಗ್ಗಿಸಿ ಕೇಳಿದನಂತೆ: "ಎಲ್ಲ ಒಂದೇ ಬಣ್ಣ ಅಲ್ವಾ ಮೇಡಂ?"

ಅವತ್ತೇ ಕಂಕನಾಡಿಯ ಒಬ್ಬ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಹುಟ್ಟಿನಿಂದಲೇ ಅವನಿಗೆ ಕೆಂಪು ಹಸಿರು ಬೇರೆ ಬೇರೆಯಾಗಿ ಕಾಣುವುದಿಲ್ಲ ಎಂದರು ಡಾಕ್ಟರು. ಇಷ್ಟು ವರ್ಷ ಯಾರಿಗೂ ತಿಳಿದಿರಲಿಲ್ಲ, ಅವನಿಗೂ. ಉಳಿದವರಿಗೂ ಹೀಗೆಯೇ ಕಾಣುತ್ತದೆ, ತನಗೆ ಮಾತ್ರ ಬುದ್ಧಿ ಸಾಲದು ಅಂದುಕೊಂಡಿದ್ದ.

ನಾದಿನಿ ತನ್ನ ಅಭ್ಯಾಸಗಳನ್ನೆಲ್ಲ ಮತ್ತೆ ಬರೆಯಲು ಕೂತಳು. ಜೀವ ಇರುವುದಕ್ಕೆ ದುಂಡು ಚುಕ್ಕಿ, ಜೀವ ಇಲ್ಲದ್ದಕ್ಕೆ ಅಡ್ಡ ಗುರುತು. ಬಣ್ಣದ ಹಂಗೇ ಬೇಡ. ಕಾಲೇಜಿನಲ್ಲಿ ಹುಡುಗ ಅದನ್ನು ಮಾಡಿದ. ಎಲ್ಲವೂ ಸರಿ! ಶನಿವಾರ ಸಂಜೆ ಮನೆಗೆ ಬಂದು ಈ ಸುದ್ದಿ ಹೇಳುವಾಗ ಅವಳ ಕಣ್ಣು ಒದ್ದೆಯಾಗಿತ್ತು. ನನ್ನ ಎದೆ ಎಷ್ಟು ಉಬ್ಬಿತೆಂದರೆ, ಅವಳು ಹುಟ್ಟಿದ್ದೇ ನನ್ನ ತವರಿನಲ್ಲೇನೋ ಅನ್ನುವ ಹಾಗೆ!

ಅತ್ತೆ ಮಾತ್ರ ಟಿವಿಯ ಸ್ವರ ತಗ್ಗಿಸಿದರು.

"ಹುಟ್ಟಿನಿಂದಲೇ ಹಾಗೆ ಇರ್ತದಾ?"

"ಹೌದಮ್ಮ. ಅವನ ತಪ್ಪಲ್ಲ."

"ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲವಾ?"

"ಇಲ್ಲಮ್ಮ."

ಅತ್ತೆ ಟಿವಿಯನ್ನೇ ಆರಿಸಿದರು. ಮಾವ ನಾನು ಈ ಮನೆಗೆ ಬರುವ ಮೊದಲೇ ತೀರಿಹೋದವರು. ದೋಣಿಯ ಚುಕ್ಕಾಣಿ ಹಿಡಿಯುತ್ತಿದ್ದ ತಂಡೇಲರು. ಒಂದು ಸಲ ನದಿ ಸಮುದ್ರ ಸೇರುವ ಅಳಿವೆಯ ಬಾಯಿಯಲ್ಲಿ ದಾರಿ ತೋರಿಸುವ ಕೆಂಪು ದೀಪ ಯಾವುದು, ಹಸಿರು ದೀಪ ಯಾವುದು ಎಂದು ತಪ್ಪಿ, ದೋಣಿಯನ್ನು ಕಲ್ಲಿನ ಗೋಡೆಗೆ ಹೊಡೆಸಿದರು ಎಂದು ಕೇಳಿದ್ದೆ. ಕುಡಿದಿದ್ದರು ಎಂದೂ ಕೇಳಿದ್ದೆ. ಆಮೇಲೆ ಯಾರೂ ಅವರ ಕೈಗೆ ದೋಣಿ ಕೊಡಲಿಲ್ಲ. ದಡದಲ್ಲಿ ಬಲೆ ಹೊಲಿಯುತ್ತಾ ಉಳಿದರು.

"ಕುಡಿಯಲಿಲ್ಲ ಅಂತ ಆಣೆ ಹಾಕಿ ಹೇಳಿದ್ರು" ಎಂದರು ಅತ್ತೆ. "ಬಾಯಿಯಲ್ಲಿ ವಾಸನೆಯೂ ಇರಲಿಲ್ಲ. ಎಲ್ಲರೂ ಹೇಳಿದರು ಅಂತ ನಾನೂ ನಂಬಿದೆ."

ನಾದಿನಿ ಎದ್ದು ಹೋಗಿ ತಾಯಿಯ ಪಕ್ಕದಲ್ಲಿ ಕೂತಳು.

ಮರುದಿನ ಬೆಳಗ್ಗೆ ಅತ್ತೆ ಒಳ್ಳೆಯ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು. "ಆ ಹುಡುಗನ ಮನೆ ತೋರಿಸು" ಎಂದರು. ನಾವು ಮೂವರೂ ಫೆರಿ ಹತ್ತಿದೆವು.

ಬೆಂಗ್ರೆಯ ಆ ಮನೆಯಲ್ಲಿ ಹುಡುಗನ ತಂದೆ ಕುರ್ಚಿ ಕೊಟ್ಟರು. ಅತ್ತೆ ಕೂರಲಿಲ್ಲ. ಸೀದಾ ಅವನ ತಾಯಿಯ ಹತ್ತಿರ ಹೋಗಿ ಎರಡೂ ಕೈ ಹಿಡಿದುಕೊಂಡರು.

"ಇವನನ್ನು ದೋಣಿಗೆ ಕಳಿಸಬೇಡ ಮಗಾ. ಅಲ್ಲಿ ದೀಪ ನೋಡಿ ದಾರಿ ಹಿಡಿಯಬೇಕು, ಇವನಿಗೆ ಆಗುವುದಿಲ್ಲ. ಕಾಲೇಜಿನಲ್ಲಿ ಆಗ್ತದೆ, ನನ್ನ ಮಗಳು ನೋಡಿಕೊಳ್ತಾಳೆ. ಮತ್ತೆ ಇವನು ಏನಾದರೂ ಕಾಣುವುದಿಲ್ಲ ಅಂದರೆ, ಸುಳ್ಳು ಹೇಳ್ತಾನೆ ಅಂತ ಬೈಯಬೇಡ. ನನ್ನ ಗಂಡ ಸುಳ್ಳು ಹೇಳಿರಲಿಲ್ಲ."

ಹುಡುಗನ ತಂದೆ ತಲೆ ತಗ್ಗಿಸಿ, "ಆಯ್ತು ಅಮ್ಮ, ಓದಲಿ" ಎಂದರು. ಸೋಮವಾರ ಹುಡುಗ ತರಗತಿಗೆ ಹೋದ. ಈಗಲೂ ಹೋಗುತ್ತಿದ್ದಾನೆ.

ವಾಪಸು ಬರುವಾಗ ಫೆರಿಯಲ್ಲಿ ಗಾಳಿ ಜೋರಾಗಿತ್ತು. ನಾದಿನಿ ತಾಯಿಯ ಹೆಗಲಿಗೆ ತಲೆ ಆನಿಸಿ ಅಳುತ್ತಿದ್ದಳು. ಅತ್ತೆ ನದಿ ಸಮುದ್ರ ಸೇರುವ ಕಡೆಗೆ ನೋಡುತ್ತಾ, ಸೆರಗಿನಿಂದ ಮಗಳ ಮುಖ ಒರೆಸಿ ಹೇಳಿದರು:

"ನಿನ್ನ ಅಪ್ಪನಿಗೊಬ್ಬಳು ಟೀಚರು ಸಿಗಲಿಲ್ಲ ನೋಡು, ನಿನ್ನ ಹಾಗಿನವಳು."