ನೀರು ಕಾದು ಸತ್ತವಳ ಅಹವಾಲು

ಮಾನ್ಯ ಸಲಹೆಪೆಟ್ಟಿಗೆಯವರೇ,

‘ಕೊನೆಯ ಡಬ್ಬಿ’ ಎಂಬ ಲೋಕಪ್ರಸಿದ್ಧ (ನಮ್ಮ ಆಟಗಾರರ ಗುಂಪಿನ ಮುನ್ನೂರ ಹನ್ನೆರಡು ಜನರ ಲೋಕದಲ್ಲಂತೂ ಪ್ರಸಿದ್ಧ) ಆಟ ತೆರೆದುಕೊಳ್ಳುವಾಗ ಪರದೆಯ ಎಡಮೂಲೆಯಲ್ಲಿ, ಸುತ್ತುವ ಚಕ್ರದ ಪಕ್ಕ ಕೂತು, ಪ್ರಳಯ ಆದಮೇಲೆ ಬದುಕೋದು ಹೇಗೆಂದು ಎರಡೆರಡು ಸಾಲಿನಲ್ಲಿ ಹೇಳಿಕೊಡುವ ತಮಗೆ ಮೊದಲು ನನ್ನ ಸಾಷ್ಟಾಂಗ ನಮಸ್ಕಾರಗಳು. ತಾವು ಅಲ್ಲಿ ಕ್ಷೇಮವೆಂದು ನಂಬಿದ್ದೇನೆ. ನಾನು ಇಲ್ಲಿ ಸತ್ತಿದ್ದೇನೆ.

ಸತ್ತಿದ್ದು ತೊಂಬತ್ತೆಂಟನೇ ದಿನ. ಗೆಲ್ಲೋಕೆ ನೂರು ದಿನ ಬದುಕಬೇಕು ಅನ್ನೋದು ತಮಗೇ ಗೊತ್ತು, ತಾವೇ ಹೇಳಿದ್ದು. ಬೇರೆ ಯಾರಾದರೂ ಆಗಿದ್ದರೆ ಹೋಗ್ಲಿ ಬಿಡು ಅಂತ ಮೊದಲಿನಿಂದ ಶುರು ಮಾಡುತ್ತಿದ್ದರು, ನನಗೆ ಆ ಭಾಗ್ಯವಿಲ್ಲ, ಯಾಕೆಂದರೆ ನಾನು ಆ ನೂರು ದಿನಕ್ಕೆ ಒಂದು ಮೇಜನ್ನು ಪಣಕ್ಕಿಟ್ಟಿದ್ದೆ. ಮೇಜು ನನ್ನದಲ್ಲ, ಚಿಕ್ಕಮ್ಮನದು. ಅವಳು ದರ್ಜಿ. ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ, ಮತ್ತು ಆ ಮೇಜು ಅವಳು ಬಟ್ಟೆ ಹರವಿ, ಚಾಕ್ ಎಳೆದು, ಕತ್ತರಿಸುವ ಮೇಜು. ಕಂಪ್ಯೂಟರ್ ಬಂದಾಗ ನಾಲ್ಕೇ ನಾಲ್ಕು ದಿನ ಕೊಡು ಚಿಕ್ಕಮ್ಮ ಅಂತ ಇಸ್ಕೊಂಡವಳು ನಾನು ನಾಲ್ಕು ತಿಂಗಳಾದರೂ ಬಿಟ್ಟುಕೊಟ್ಟಿರಲಿಲ್ಲ. ಪಾಪ, ಅವಳು ಅಷ್ಟು ದಿನವೂ ನೆಲದ ಮೇಲೆ ಬಟ್ಟೆ ಹಾಸಿ, ಮಂಡಿಯೂರಿ ಕತ್ತರಿಸುತ್ತಿದ್ದಳು, ಏಳುವಾಗೆಲ್ಲ ಸೊಂಟ ಹಿಡ್ಕೊಂಡು “ನಿನ್ನ ನಾಲ್ಕು ದಿನ ಯಾವ ಕ್ಯಾಲೆಂಡರಲ್ಲಿ ಬರುತ್ತೆ ಅಂತ ಹೇಳಿದ್ರೆ ನಾನೂ ಅದನ್ನೇ ತಗೊತೀನಿ” ಅನ್ನುತ್ತಿದ್ದಳು.

ಹೀಗಿರುವಾಗ ಅವಳಿಗೆ ಒಂದು ಶಾಲೆಯಿಂದ ಅರವತ್ತು ಜೊತೆ ಸಮವಸ್ತ್ರದ ಕೆಲಸ ಬಂತು. ಶನಿವಾರ ಬಟ್ಟೆಯ ಗಂಟು ಬರುತ್ತೆ, ಅಷ್ಟರೊಳಗೆ ನೀನು ಆ ಆಟದಲ್ಲಿ ನೂರು ದಿನ ಬದುಕಿ ತೋರಿಸಿದರೆ ಮೇಜು ನಿನಗೇ, ನಾನು ಬೇರೆ ಹಲಗೆ ನೋಡ್ಕೋತೀನಿ, ಸತ್ತರೆ ಕಂಪ್ಯೂಟರ್ ಅಟ್ಟಕ್ಕೆ, ಅರವತ್ತು ಜೊತೆ ಮುಗಿಯೋವರೆಗೂ ಇಳಿಸೋ ಹಾಗಿಲ್ಲ ಅಂತ ಒಪ್ಪಂದವಾಯಿತು. ಒಪ್ಪಂದದ ದಿನ ನಾನು ಎಪ್ಪತ್ತನೇ ದಿನದಲ್ಲಿದ್ದೆ. ಒಳಗೊಳಗೇ ನಕ್ಕಿದ್ದೆ ಕೂಡ. ಆ ನಗುವಿಗೂ ಇಲ್ಲಿ ಕ್ಷಮೆ ಕೇಳುತ್ತೇನೆ.

ತಮ್ಮ ಸಲಹೆಗಳನ್ನು ನಾನು ಎಷ್ಟು ಶ್ರದ್ಧೆಯಿಂದ ಪಾಲಿಸಿದ್ದೇನೆ ಅನ್ನೋದಕ್ಕೆ ಗುಂಪಿನವರೆಲ್ಲ ಸಾಕ್ಷಿ. ಸದ್ದು ಮಾಡದಿರಿ ಎಂದಿರಿ, ಆಟದಲ್ಲಿ ಕಳ್ಳಹೆಜ್ಜೆ ಹಾಕಿದ್ದಷ್ಟೇ ಅಲ್ಲ, ಮನೆಯಲ್ಲಿ ಕೆಮ್ಮು ಬಂದರೂ ನುಂಗಿದೆ. ಭಾರ ಹೊರದಿರಿ ಎಂದಿರಿ, ಚೀಲ ಖಾಲಿ ಮಾಡಿ ನೋಡಿದರೆ ಒಂದು ಹೊಲಿಗೆ ಸೂಜಿ ಅರ್ಧ ಕಿಲೋ ತೂಗುತ್ತಿತ್ತು. ಇದನ್ನು ನೋಡಿದ ಚಿಕ್ಕಮ್ಮ, ಅರ್ಧ ಕಿಲೋ ಸೂಜಿಯಲ್ಲಿ ಏನನ್ನ ಹೊಲೀತಾರೆ, ಹಡಗನ್ನಾ ಅಂತ ಕೇಳಿದಳು. ಇದು ನನ್ನ ಮಾತಲ್ಲ, ಅವಳ ಮಾತು, ಹಾಗೇ ದಾಖಲಿಸಿದ್ದೇನೆ. ಬಟಾಣಿ ಡಬ್ಬಿ ತೆರೆಯಲು ಡಬ್ಬಿ ಕತ್ತರಿಯೇ ಬೇಕು ಎಂದಿರಿ. ಸರಿ, ಒಪ್ಪಿದೆ. ಬ್ಯಾಂಕಿನ ಕಬ್ಬಿಣದ ಬಾಗಿಲನ್ನು ಎರಡೇ ಏಟಿಗೆ ಒಡೆಯುವ ನನ್ನ ಕೊಡಲಿಗೆ ಬಟಾಣಿ ಡಬ್ಬಿಯ ಮುಚ್ಚಳ ಸೀಳೋ ಶಕ್ತಿ ಇರಲ್ಲ ಅನ್ನುವಂಥ ಸೂಕ್ಷ್ಮವನ್ನು ತಾವಲ್ಲದೆ ಯಾರು ಕಂಡುಹಿಡಿಯಬಲ್ಲರು! ಹನ್ನೊಂದು ಡಬ್ಬಿ ಬೆನ್ನಮೇಲೆ ಹೊತ್ತುಕೊಂಡು ಹಸಿವಿನಿಂದ ತೆವಳಿದ ಅನುಭವ ನನಗೆ ಬೇರೆ ಎಲ್ಲಿ ಸಿಗುತ್ತಿತ್ತು?

ತಮ್ಮ ಮರ್ಯಾದೆಯ ಬಗ್ಗೆಯೂ ಎರಡು ಮಾತು ಹೊಗಳಲೇಬೇಕು. ಓಡಿರಿ, ಅಡಗಿರಿ, ಗಾಯಕ್ಕೆ ಪಟ್ಟಿ ಕಟ್ಟಿರಿ ಅಂತ ನಮ್ಮನ್ನು ಎಷ್ಟು ಗೌರವದಿಂದ ಕರೆಯುತ್ತೀರಿ! ಆದರೆ ಪ್ರಾಣ ಹೋದ ಕೂಡಲೇ ಪರದೆ ತುಂಬ ಕೆಂಪಕ್ಷರದಲ್ಲಿ “ನೀನು ಸತ್ತೆ” ಅಂತ ಬರುತ್ತದೆ. ಬದುಕಿದ್ದಾಗ ಬಹುವಚನ, ಸತ್ತ ಮರುಕ್ಷಣ ಏಕವಚನ. ಅದೇ ಹೆಣ ಎದ್ದು ಬಾಯಿ ತೆರೆದುಕೊಂಡು ಕಚ್ಚೋಕೆ ಬಂದರೆ ಮಾತ್ರ “ಕೊಳೆತವರು ಆಗಮಿಸುತ್ತಿದ್ದಾರೆ” ಅಂತ ಪುನಃ ಬಹುವಚನ. ಮೊದಲ ಸಲ ಇದನ್ನು ಓದಿದ ಚಿಕ್ಕಮ್ಮ ಯಾರೋ ನೆಂಟರು ಬರ್ತಾರೇನೋ ಅಂತ ಕೋಣೆ ಗುಡಿಸೋಕೆ ಹೊರಟಿದ್ದಳು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಎಂಬತ್ತನೇ ದಿನ ಆಟದ ಊರಿನ ನಲ್ಲಿಗಳೆಲ್ಲ ನಿಂತುಹೋದವು. ಆಗ ತಾವು ಮೂಲೆಯಲ್ಲಿ ಪ್ರತ್ಯಕ್ಷರಾಗಿ, “ಕುಡಿಯುವ ಮುನ್ನ ಮಳೆನೀರನ್ನು ಕಾಯಿರಿ” ಎಂದು ಅಪ್ಪಣೆ ಕೊಡಿಸಿದಿರಿ. ಕಾಯಿರಿ ಎಂದಮೇಲೆ ಕಾಯಬೇಕಲ್ಲ! ನಾನು ಬಕೆಟ್ಟನ್ನು ಮನೆಯ ನಡುವೆ ಇಟ್ಟು, ಕೊಡಲಿ ಹಿಡಿದು, ಅದರ ಪಕ್ಕ ಕಾವಲು ಕೂತೆ. ಒಂದು ಇಡೀ ಆಟದ ದಿನ ಕಾದು, ಗುಟುಕು ಕುಡಿದೆ. ಹೊಟ್ಟೆನೋವು ಬಂತು. ಕಾವಲು ಸಾಲದಾಯಿತು ಅಂದುಕೊಂಡು ಬಕೆಟ್ಟಿನ ಸುತ್ತ ಬೇಲಿ ಹಾಕಿದೆ. ಮತ್ತೆ ಕುಡಿದೆ. ವಾಂತಿಯಾಯಿತು. ಬೇಲಿಯ ಸುತ್ತ ಮೊಳೆಯ ಬಲೆ ಹಾಕಿ, ನಾಲ್ಕು ಮೂಲೆಗೂ ಪಂಜು ನೆಟ್ಟು, ಅವು ಆರಿದಾಗಲೆಲ್ಲ ಕಡ್ಡಿ ಗೀರಿ ಹಚ್ಚುತ್ತಾ ಕಾದೆ. ಇಷ್ಟು ಭದ್ರತೆ ಯಾವ ಖಜಾನೆಗೂ ಇದ್ದಿರಲಾರದು, ಒಂದು ಸೊಳ್ಳೆ ಕೂಡ ಆ ನೀರನ್ನು ಮುಟ್ಟಲಿಲ್ಲ, ಆದರೂ ನನ್ನ ಆರೋಗ್ಯ ನೂರರಿಂದ ನಲವತ್ತಕ್ಕೆ ಇಳಿಯಿತು.

ಗುಂಪಿನಲ್ಲಿ ಕೇಳಿದೆ. ಅಲ್ಲಿ ಆಗಲೇ ಯುದ್ಧ ನಡೆಯುತ್ತಿತ್ತು. ಕಾಯೋದು ಅಂದರೆ ಕಾವಲು ಅನ್ನೋರು ಒಂದು ಪಂಗಡ, ಇಲ್ಲ, ನೀರು ಹಿಡಿದಮೇಲೆ ಸ್ವಲ್ಪ ಹೊತ್ತು ಕಾದು ಆಮೇಲೆ ಕುಡಿಯಬೇಕು ಅನ್ನೋರು ಇನ್ನೊಂದು ಪಂಗಡ. ನಮ್ಮಲ್ಲಿ ಎಲ್ಲರಿಗಿಂತ ಹಳಬರು, ‘ತುಕ್ಕುಡಬ್ಬಿ’ ಅನ್ನೋ ಅಡ್ಡಹೆಸರಿನವರು, “ಗುರುವೇ, ನಾನು ಬಕೆಟ್ ಮುಂದೆ ಎಂಟು ದಿನದಿಂದ ಕಾಯ್ತಿದೀನಿ, ಇನ್ನೂ ಟೈಮ್ ಆಗಿಲ್ಲ ಅನ್ಸುತ್ತೆ” ಅಂತ ಬರೆದು ಬಾಯಾರಿಕೆಯಿಂದಲೇ ತೀರಿಕೊಂಡರು. ಕಾವಲು ಪಂಗಡದ ಪರವಾಗಿ ನಾನು ‘ಬಕೆಟ್ ಕಾಯುವ ಐದು ಉಪಾಯ’ ಅಂತ ಚಿತ್ರಸಹಿತ ಬರೆದು ಹಾಕಿದೆ. ಅದಕ್ಕೆ ತೊಂಬತ್ತು ಹೃದಯದ ಚಿಹ್ನೆ ಬಂದವು. ಆ ತೊಂಬತ್ತು ಜನರಲ್ಲಿ ಈಗ ಎಷ್ಟು ಜನ ಉಳಿದಿದ್ದಾರೋ ಕೇಳುವ ಧೈರ್ಯ ನನಗಿಲ್ಲ.

ಶನಿವಾರ ಬಂದೇಬಿಟ್ಟಿತು. ತೊಂಬತ್ತೆಂಟನೇ ದಿನ, ಆರೋಗ್ಯ ಒಂಬತ್ತು. ಬಟ್ಟೆಯ ಗಂಟು ಹೊಸ್ತಿಲ ಹತ್ತಿರ ಬಂದು ಕೂತಿತ್ತು, ಟೇಪು ಕೊರಳಿಗೆ ಹಾಕಿಕೊಂಡ ಚಿಕ್ಕಮ್ಮ ನನ್ನ ಬೆನ್ನ ಹಿಂದೆ ನಿಂತಿದ್ದಳು. ಪರದೆ ನೋಡಿದಳು. ಬೇಲಿ, ಬಲೆ, ಪಂಜು, ನಡುವೆ ಬಕೆಟ್. ಇದೇನೇ ಇದು ಅಂದಳು. ನೀರು ಕಾಯ್ತಾ ಇದೀನಿ ಅಂದೆ.

“ಅಯ್ಯೋ ಪೆದ್ದಿ, ಕಾಯೋದಲ್ವೇ, ಕಾಯ್ಸೋದು! ಒಲೆ ಮೇಲಿಟ್ಟು ಕಾಯ್ಸೇ!”

ಮಾನ್ಯರೇ, ಒಂದೇ ಒಂದು ಅಕ್ಷರ. ಸಿ ಇರಬೇಕಾದ ಕಡೆ ರಿ. ನಮಗೆ ಮರ್ಯಾದೆ ಕೊಡುವ ಉತ್ಸಾಹದಲ್ಲಿ ಎಲ್ಲದಕ್ಕೂ ರಿ ಸೇರಿಸುತ್ತಾ ಹೋದ ತಾವು, ನೀರನ್ನು ಕಾಯಿಸಬೇಕಾದ ಮುನ್ನೂರು ಜನರನ್ನು ನೀರಿನ ಕಾವಲುಗಾರರನ್ನಾಗಿ ಮಾಡಿದಿರಿ. ನಾನು ಬಕೆಟ್ ಎತ್ತಿಕೊಂಡು ಒಲೆಯ ಹತ್ತಿರ ಓಡಿದೆ, ಹದಿನಾಲ್ಕು ಹೆಜ್ಜೆಗೆ ಏದುಸಿರು ಬಂದು ಕೂತೆ (ಇದೂ ತಮ್ಮ ಆಟದ ಒಂದು ಸೊಗಸು), ಎದ್ದು ಮತ್ತೆ ಓಡಿದೆ, ಸೌದೆ ಇಟ್ಟೆ, ಕಡ್ಡಿಪೆಟ್ಟಿಗೆ ತೆಗೆದೆ. ಖಾಲಿ. ಕಡ್ಡಿಗಳನ್ನೆಲ್ಲ ನಾನು ನೀರು ಕಾಯೋಕೆ ಪಂಜು ಹಚ್ಚಿ ಮುಗಿಸಿದ್ದೆ. ತಣ್ಣನೆಯ ಒಲೆಯ ಮೇಲೆ ತಣ್ಣನೆಯ ಬಕೆಟ್, ಅದರ ಮುಂದೆ ನಾನು. ನೀನು ಸತ್ತೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಏನೆಂದರೆ, ನಾನು ಸತ್ತದ್ದು ಕಾಗುಣಿತದಿಂದ, ದಡ್ಡತನದಿಂದಲ್ಲ ಅಂತ ಮೊಹರು ಒತ್ತಿದ ಒಂದು ಮರಣ ಪ್ರಮಾಣಪತ್ರವನ್ನು ಕೂಡಲೇ ಕೊಡಿಸಬೇಕು. ಚಿಕ್ಕಮ್ಮನ ಹೆಸರಿಗೆ ಒಂದು ಪ್ರತಿ, ಗುಂಪಿಗೆ ಒಂದು. ಸಾಧ್ಯವಾದರೆ ತಾವೇ ಆ ಎಡಮೂಲೆಯಿಂದ ಇಳಿದು ನಮ್ಮ ಮನೆಗೆ ಬಂದು, ಅವಳ ಎದುರು ನಿಂತು ಒಪ್ಪಿಕೊಂಡರೆ ಇನ್ನೂ ಒಳ್ಳೆಯದು, ಬರುವಾಗ ಚಕ್ರವನ್ನು ಹೊರಗೇ ಬಿಟ್ಟು ಬನ್ನಿ.

ನನ್ನ ವಾದವನ್ನು ಚಿಕ್ಕಮ್ಮ ಪೂರ್ತಿ ಕೇಳಿದಳು ಅನ್ನೋದನ್ನೂ ಹೇಳಬೇಕು. ಕೇಳಿ, “ತಪ್ಪು ಅಕ್ಷರದ್ದೇ, ಒಪ್ಪಿದೆ. ಮೇಜು ನನ್ನದು, ಅದನ್ನ ನೀನು ಒಪ್ಪು” ಅಂದಳು. ಒಪ್ಪಿದೆ. ಪರದೆ, ತಂತಿ, ಎಲ್ಲ ನಾನೇ ಇಳಿಸಿದೆ. ಅವಳು ಗಂಟು ಬಿಚ್ಚಿ, ನೀಲಿ ಬಟ್ಟೆಯನ್ನು ಮೇಜಿನ ಮೇಲೆ ಹರವಿ, ನಾಲ್ಕು ತಿಂಗಳಲ್ಲಿ ಮೊದಲ ಸಲ ನೆಟ್ಟಗೆ ನಿಂತುಕೊಂಡು ಕತ್ತರಿ ಆಡಿಸಿದಳು. ನಾನು ಅಟ್ಟದ ಏಣಿ ತರೋಕೆ ಹೊರಟಾಗ ಅವಳು ತಲೆ ಎತ್ತದೆ, “ಮೇಜಿನ ಕೆಳಗೆ ಜಾಗ ಇದೆಯಲ್ಲ, ಅಲ್ಲಿಡು. ಆದ್ರೆ ಒಂದು ಅಂಗಿಗೆ ಗುಂಡಿ ಹಾಕಿಕೊಟ್ರೆ ಆಟದಲ್ಲಿ ಒಂದು ದಿನ, ಅಷ್ಟೇ” ಅಂದಳು. ಈಗ ನಮ್ಮ ಮನೆಯಲ್ಲಿ ಮೇಜಿನ ಮೇಲೆ ಸಮವಸ್ತ್ರ, ಮೇಜಿನ ಕೆಳಗೆ ಪ್ರಳಯ. ಅಂಗಿಗೆ ಆರು ಗುಂಡಿ. ನಾನು ಬೊಕ್ಕಬೋರಲು ಮಲಗಿ ಏಳನೇ ದಿನದವರೆಗೆ ಬದುಕಿದ್ದೇನೆ, ಹೆಬ್ಬೆರಳಿಗೆ ಎಂಟು ಸಲ ಸೂಜಿ ಚುಚ್ಚಿದೆ.

ತೊಡಕು ಒಂದೇ. ಗೆಲ್ಲೋಕೆ ನೂರು ದಿನ ಬೇಕು, ಅಂಗಿ ಇರೋದು ಅರವತ್ತೇ. ಆದ್ದರಿಂದ ತಾವು ದಯಮಾಡಿ ಗೆಲುವನ್ನು ಅರವತ್ತನೇ ದಿನಕ್ಕೆ ಇಳಿಸಬೇಕು. ಆಗದಿದ್ದರೆ ಆ ಶಾಲೆಗೆ ಇನ್ನೂ ನಲವತ್ತು ಮಕ್ಕಳನ್ನು ಸೇರಿಸಬೇಕು. ಎರಡರಲ್ಲಿ ತಮಗೆ ಯಾವುದು ಸುಲಭವೋ ಅದು.

ಇಂತಿ,
ಗುಂಡಿ ಹಾಕುತ್ತಾ ಬದುಕಿರುವ,
ತಮ್ಮ ವಿಶ್ವಾಸಿ,
ಮೇಜಿನ ಕೆಳಗಿನವಳು

ತಾ.ಕ.: ನಿನ್ನೆಯ ಹೊಸ ಆವೃತ್ತಿಯಲ್ಲಿ ನೀರಿನ ಸಲಹೆಯನ್ನು ತಿದ್ದಿದ್ದೀರಿ, ಧನ್ಯವಾದ. ಆದರೆ ಅದರ ಕೆಳಗೇ “ಕೊಳೆತವರು ಎದುರಾದರೆ ಸುಮ್ಮನೆ ಇರಿ” ಅಂತ ಹೊಸದೊಂದು ಸೇರಿಸಿದ್ದೀರಿ. ಅದು ಸುಮ್ಮನೆ ಇರೋದೋ, ಸುಮ್ಮನೆ ಇರಿಯೋದೋ? ಆದಷ್ಟು ಬೇಗ ತಿಳಿಸಿ, ನಮ್ಮ ಗುಂಪಿನ ಹನ್ನೊಂದು ಜನ ಈಗ ಅವರ ಎದುರು ಚಾಕು ಹಿಡಿದುಕೊಂಡು ಸುಮ್ಮನೆ ನಿಂತಿದ್ದಾರೆ.